ಮೊಳೆ ಹೊಡೆಯುವ ಹಾಗಿಲ್ಲದ ಬಾಡಿಗೆ ಮನೆ: ಊರಿನ ಹಳೆ ಸಾಮಾನಿನಿಂದ ಎಂತ ಮಾಡಬಹುದು?

ಕುಂಜಿಬೆಟ್ಟು ಹೊಸ ಬಾಡಿಗೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮದುವೆಯಾಗಿ ಉಡುಪಿ ಕುಂಜಿಬೆಟ್ಟಿನಲ್ಲಿ ಒಂದು ಬೆಡ್‌ರೂಮಿನ ಬಾಡಿಗೆ ಮನೆಗೆ ಬಂದಿದ್ದೇವೆ. ಮನೆ ಒಳ್ಳೆಯದೇ, ಗಾಳಿ ಬೆಳಕು ಉಂಟು. ಆದರೆ ಗೋಡೆ ಬರೀ ಬಿಳಿ. ಹಾಲ್‌ನಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಟೀಪಾಯಿ ಬಿಟ್ಟರೆ ಏನೂ ಇಲ್ಲ. ಕಿಟಕಿಗೆ ಸದ್ಯಕ್ಕೆ ಬೆಡ್‌ಶೀಟ್ ಕಟ್ಟಿದ್ದೇವೆ. ಯಾರಾದರೂ ಬಂದರೆ ಕೂರಿಸಲಿಕ್ಕೆ ಬೇಜಾರಾಗುತ್ತದೆ. ಗೋಡೆಗೆ ಹೊಸ ಮೊಳೆ ಹೊಡೆಯಬಾರದು, ಬಣ್ಣ ಬದಲಿಸಬಾರದು ಎಂದು ಓನರ್ ಮೊದಲೇ ಹೇಳಿದ್ದಾರೆ.

ಖರ್ಚಿಗೆ ಹೆಚ್ಚೆಂದರೆ ಒಂದೂವರೆ ಸಾವಿರ ರೂಪಾಯಿ ತೆಗೆದಿಟ್ಟಿದ್ದೇನೆ. ಆದರೆ ಸಾಮಾನಿಗೆ ಕೊರತೆ ಇಲ್ಲ. ಮೂಡುಬಿದಿರೆ ಹತ್ತಿರದ ನಮ್ಮ ತವರಿನಲ್ಲಿ ಹಳೆ ಹಟ್ಟಿಯ ಮಾಡು ಇಳಿಸಿ ಶೀಟ್ ಹಾಕಿಸಿದ್ದಾರೆ. ಹಂಚು, ಪಕ್ಕಾಸು (ಮಾಡಿನ ಇಳಿಜಾರಿಗೆ ಹಾಕುವ ಉದ್ದ ಮರ), ರೀಪು (ಹಂಚು ಕೂರುವ ಅಡ್ಡಪಟ್ಟಿ) ಎಲ್ಲ ಹಿತ್ತಲಿನಲ್ಲಿ ರಾಶಿ ಬಿದ್ದುಕೊಂಡಿದೆ. ಅಮ್ಮನ ಹಳೆ ಕಾಟನ್ ಸೀರೆಗಳು ಒಂದು ಟ್ರಂಕ್ ತುಂಬ ಉಂಟು, "ಬೇಕಾದ್ದು ತೆಗೆದುಕೊಂಡು ಹೋಗು" ಎಂದಿದ್ದಾರೆ. ಮತ್ತೆ ಗೆರಟೆ (ತೆಂಗಿನ ಚಿಪ್ಪು), ಅಡಿಕೆ ಹಾಳೆ, ಗೋಣಿಚೀಲ, ಬಾಯಿ ಸ್ವಲ್ಪ ಒಡೆದ ಒಂದು ದೊಡ್ಡ ಉಪ್ಪಿನಕಾಯಿ ಭರಣಿ.

ಯೂಟ್ಯೂಬ್ ನೋಡಿದೆ. ಅಲ್ಲಿ ಎಲ್ಲರೂ ರಟ್ಟಿನ ಡಬ್ಬ, ಪೇಪರ್ ಸುರುಳಿ, ಐಸ್‌ಕ್ರೀಂ ಕಡ್ಡಿಯಲ್ಲಿ ಮಾಡುತ್ತಾರೆ. ಚಂದ ಕಾಣುತ್ತದೆ, ಆದರೆ ನಮ್ಮ ಮಳೆಗಾಲದಲ್ಲಿ ನಿಲ್ಲುತ್ತದಾ ಎಂದು ಸಂಶಯ. ನನಗೆ ಹೊಲಿಗೆ ಮೆಷಿನ್ ಸ್ವಲ್ಪ ಗೊತ್ತು, ನೇರ ಹೊಲಿಗೆ ಹಾಕುವಷ್ಟು. ಗಂಡನಿಗೆ ಗರಗಸ, ಸುತ್ತಿಗೆ ಹಿಡಿಯಲಿಕ್ಕೆ ಬರುತ್ತದೆ. ಎಲ್ಲಿಂದ ಶುರು ಮಾಡಲಿ?

ಮಣಿಪಾಲ ಪಿಜಿ ಉತ್ತರ:

ನಾನು ರೂಮಿನಲ್ಲಿ ಮಾಡಿದ್ದು ಹೇಳ್ತೇನೆ. ಹಾರ್ಲಿಕ್ಸ್ ಬಾಟ್ಲಿ, ಜ್ಯೂಸ್ ಬಾಟ್ಲಿ ತೊಳೆದು, ಕುತ್ತಿಗೆಗೆ ಹುರಿಹಗ್ಗ ಸುತ್ತಿ, ನೀರು ಹಾಕಿ ಮನಿಪ್ಲಾಂಟ್ ಇಟ್ಟಿದ್ದೇನೆ. ಕಿಟಕಿಯ ಸರಳಿಗೆ ಕಟ್ಟಿದರೆ ಮೊಳೆಯೇ ಬೇಡ. ಖರ್ಚು ಅಂದರೆ ಹಗ್ಗದ್ದು ಮಾತ್ರ.

ಜೆಪ್ಪು ಹೊಲಿಗೆಮನೆ ಉತ್ತರ:

ತಂಗೀ, ನಾನು ಮಂಗಳೂರು ಜೆಪ್ಪುವಿನವಳು. ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಅಪ್ಪ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ನಿನ್ನ ಪಟ್ಟಿಯಲ್ಲಿ ಹಂಚು, ಸೀರೆ ಎರಡೂ ನೋಡಿದ ಮೇಲೆ ಬರೆಯದೆ ಇರಲಿಕ್ಕೆ ಆಗಲಿಲ್ಲ. ಉದ್ದ ಆಗುತ್ತದೆ, ನಿಧಾನಕ್ಕೆ ಓದು.

ನಿನ್ನ ಸಂಶಯ ಸರಿಯಾದದ್ದೇ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಹತ್ತಿರ ಮಳೆ ಬರುತ್ತದೆ, ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ರಟ್ಟು, ಕಾಗದ ಎಲ್ಲ ಗಾಳಿಯ ತೇವ ಎಳೆದುಕೊಂಡು ಮೆತ್ತಗಾಗುತ್ತದೆ, ಆಟಿ ತಿಂಗಳು (ಜುಲೈ-ಆಗಸ್ಟ್) ಬರುವಷ್ಟರಲ್ಲಿ ಬೂಸ್ಟು ಹಿಡಿಯುತ್ತದೆ. ಒಣ ಊರಿನವರು ಮಾಡಿದ ವಿಡಿಯೊ ಒಣ ಊರಿಗೇ ಸರಿ. ನಾನು ನೋಡುವುದು ಇಷ್ಟೇ: ಈ ಊರಿನ ಮಳೆಯಲ್ಲಿ ಮೊದಲೇ ಬಾಳಿ ಬಂದ ವಸ್ತುವನ್ನು ಹಿಡಿದುಕೋ, ಅದು ಇಷ್ಟು ವರ್ಷ ಮಾಡಿದ ಕೆಲಸಕ್ಕೆ ಹತ್ತಿರದ ಕೆಲಸವನ್ನೇ ಅದಕ್ಕೆ ಕೊಡು. ಆಗ ಅಂಟು, ಮೊಳೆ, ಡ್ರಿಲ್ಲು ಯಾವುದೂ ಹೆಚ್ಚು ಬೇಕಾಗುವುದಿಲ್ಲ.

ಹಂಚಿನಿಂದ ಶುರು ಮಾಡು. ರಾಶಿಯಲ್ಲಿ ಒಂದೊಂದನ್ನೇ ಮಗುಚಿ ಹಿಂಬದಿ ನೋಡು, ಕಾರ್ಖಾನೆಯ ಹೆಸರು ಅಚ್ಚೊತ್ತಿರುತ್ತದೆ. ಬಾಸೆಲ್ ಮಿಷನ್ ಎಂಬ ಸ್ವಿಸ್ ಕ್ರೈಸ್ತ ಸಂಸ್ಥೆಯವರು ನಮ್ಮ ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದರು, 1868ರಲ್ಲಿ ಆಲ್ಬುಕರ್ಕ್‌ನವರದ್ದು ಶುರುವಾಯಿತು. ನೇತ್ರಾವತಿ, ಗುರುಪುರ ಹೊಳೆಗಳ ಬದಿಯ ಜೇಡಿಮಣ್ಣು ಇಲ್ಲಿ ಹಂಚಾಗಿ ಹಡಗು ಹತ್ತಿ ಎಲ್ಲೆಲ್ಲಿಗೋ ಹೋಯಿತು. ಈಗ ಆ ಕಾರ್ಖಾನೆಗಳಲ್ಲಿ ಹೆಚ್ಚಿನವು ಮುಚ್ಚಿಹೋಗಿವೆ. ಹಳೆ ಹೆಸರು ಇರುವ ಹಂಚು ಸಿಕ್ಕಿದರೆ ದಯಮಾಡಿ ಅದರ ಮೇಲೆ ಬಣ್ಣ ಬಳಿಯಬೇಡ. ತೊಳೆದು, ಅಕ್ಷರ ಕಾಣುವ ಬದಿ ಮುಂದೆ ಮಾಡಿ ಟಿವಿಯ ಪಕ್ಕವೋ ಬಾಗಿಲ ಹತ್ತಿರವೋ ಗೋಡೆಗೆ ಒರಗಿಸಿ ಇಡು. ಅದಕ್ಕೆ ಬೇರೆ ಅಲಂಕಾರ ಬೇಡ.

ಒಳ್ಳೆ ಹಂಚು ಆರಿಸುವುದು ಹೀಗೆ. ಒಂದು ಕೈಯಲ್ಲಿ ಎತ್ತಿ ಹಿಡಿದು ಬೆರಳ ಗೆಣ್ಣಿನಿಂದ ಬಡಿ. ಟಣ್ ಎಂದು ಸ್ವರ ಬಿಟ್ಟರೆ ಗಟ್ಟಿ. ಸ್ವರ ಸತ್ತ ಹಾಗೆ ಕೇಳಿದರೆ ಒಳಗೆ ಎಲ್ಲೋ ಬಿರುಕು ಉಂಟು, ಕಣ್ಣಿಗೆ ಕಾಣದಿದ್ದರೂ ಬಿಟ್ಟುಬಿಡು. ಅಪ್ಪ ಹೀಗೆಯೇ ನೋಡುತ್ತಿದ್ದರು. ಆರಿಸಿದ್ದನ್ನು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟು, ಬೆಳಿಗ್ಗೆ ತೆಂಗಿನ ಸಿಪ್ಪೆಯಿಂದ ತಿಕ್ಕು. ಕಪ್ಪು ಪಾಚಿ ಬಿಡದಿದ್ದರೆ ಬ್ಲೀಚಿಂಗ್ ಪೌಡರ್ ನೀರು ಹಾಕಿ ಸ್ವಲ್ಪ ಹೊತ್ತು ಬಿಟ್ಟು ತೊಳೆ. ಆಮೇಲೆ ಸರಿಯಾದ ಬಿಸಿಲಿನಲ್ಲಿ ಒಣಗಬೇಕು. ಒದ್ದೆ ಹಂಚಿನ ಬಣ್ಣ ಗಾಢ, ಒಣಗಿದ್ದು ತೆಳು. ನಡುವಿನ ಗೆರೆಗಳ ಸಂದಿಯಲ್ಲೂ ಬಣ್ಣ ತೆಳುವಾದರೆ ಒಣಗಿದೆ ಎಂದು ಲೆಕ್ಕ.

ಇನ್ನು ಅದನ್ನು ನೇತು ಹಾಕುವುದು. ಒಂದು ಹಂಚು ಎರಡೂವರೆ ಕೆಜಿ ಆಸುಪಾಸು ತೂಗುತ್ತದೆ. ಅಂಟಿಸುವ ಹುಕ್ಕು, ಟೇಪು ಯಾವುದನ್ನೂ ನಂಬಬೇಡ. ಹಂಚಿನ ಹಿಂದೆ ಮೇಲಂಚಿನಲ್ಲಿ ರೀಪಿಗೆ ಸಿಕ್ಕಿಕೊಳ್ಳಲಿಕ್ಕೆಂದೇ ಉಬ್ಬು ಉಂಟಲ್ಲ, ಅದೇ ನಿನ್ನ ಹುಕ್ಕು. ಗಂಡನಿಗೆ ಹೇಳಿ ಹಟ್ಟಿಯ ಮಾಡಿನ ಮರದಲ್ಲೇ ಒಂದು ಏಣಿ ಮಾಡಿಸು. ಐದಡಿಯ ಎರಡು ಪಕ್ಕಾಸಿನ ತುಂಡು, ಅಡ್ಡಕ್ಕೆ ರೀಪು, ಎರಡು ಹಂಚು ಪಕ್ಕಪಕ್ಕ ಕೂರುವಷ್ಟು ಅಗಲ. ಒಂದು ರೀಪಿಗೂ ಇನ್ನೊಂದಕ್ಕೂ ಎಷ್ಟು ಅಂತರ ಎಂದು ಅಳತೆಪಟ್ಟಿ ಹಿಡಿಯುವುದು ಬೇಡ, ಮರವನ್ನು ನೆಲದಲ್ಲಿ ಮಲಗಿಸಿ ಹಂಚನ್ನೇ ಇಟ್ಟು ಗುರುತು ಹಾಕಲಿ. ಈ ಏಣಿಯನ್ನು ಗೋಡೆಗೆ ಓರೆಯಾಗಿ ಒರಗಿಸಿದರೆ ಹಂಚು ಮಾಡಿನಲ್ಲಿ ಕೂತ ಹಾಗೆಯೇ ಕೂರುತ್ತದೆ. ನೇರ ಗೋಡೆಯಲ್ಲಿ ಅದು ಜಾರುತ್ತದೆ, ಓರೆಯಲ್ಲಿ ತನ್ನ ಭಾರಕ್ಕೆ ತಾನೇ ಬಿಗಿಯಾಗುತ್ತದೆ. ಕಾಲಿನ ಅಡಿಗೆ ಹಳೆ ಹವಾಯಿ ಚಪ್ಪಲಿಯ ರಬ್ಬರ್ ಕತ್ತರಿಸಿ ಹೊಡೆದರೆ ಟೈಲ್ಸ್ ನೆಲದಲ್ಲಿ ಜಾರುವುದಿಲ್ಲ. ಮೇಲಿನ ತುದಿಯನ್ನು ಪಕ್ಕದ ಕಿಟಕಿಯ ಸರಳಿಗೆ ಹಗ್ಗದಲ್ಲಿ ಕಟ್ಟಲೇಬೇಕು. ಮಕ್ಕಳು ಬರುವ ಮನೆಯಲ್ಲಿ ಇದು ಬಿಡುವ ಹಾಗಿಲ್ಲ.

ಮರ ಆರಿಸುವಾಗ ಸುತ್ತಿಗೆಯಿಂದ ತಟ್ಟಿ ನೋಡಲಿ. ಹುಡಿ ಉದುರಿದರೆ ಒಳಗೆ ಹುಳ ಉಂಟು, ಮನೆಯೊಳಗೆ ತರಬಾರದು. ನಮ್ಮ ಕಡೆ ಗೆದ್ದಲಿಗೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿಯುತ್ತಿದ್ದರು, ಈಗಲೂ ಬುಡಕ್ಕೆ ಅದೇ ಒಳ್ಳೆಯದು. ಆದರೆ ಮೈಗೆ ತಾಗಿದರೆ ಸುಟ್ಟು ಬೊಬ್ಬೆ ಬರುತ್ತದೆ. ಗ್ಲೌಸ್ ಹಾಕಿ, ಹಿತ್ತಲಿನಲ್ಲಿ ಬಳಿದು, ಜಿಡ್ಡು ಪೂರ್ತಿ ಆರಿದ ಮೇಲೆ ಒಳಗೆ ತರಬೇಕು.

ಹೆಸರಿಲ್ಲದ, ಸಾದಾ ಹಂಚುಗಳ ಮೇಲೆ ಬೇಕಾದರೆ ಚಿತ್ರ ಬರೆ. ಕೆಂಪು ಹಂಚಿಗೆ ಬಿಳಿಯಷ್ಟು ಒಪ್ಪುವ ಬಣ್ಣ ಬೇರೆ ಇಲ್ಲ. ಚಿಪ್ಪಿನ ಸುಣ್ಣ ಸಿಕ್ಕಿದರೆ ಅದನ್ನೇ ನೀರಿನಲ್ಲಿ ಕಲಸಿ, ಸ್ವಲ್ಪ ಫೆವಿಕಾಲ್ ಸೇರಿಸಿ, ಹಂಚನ್ನು ತುಸು ಒದ್ದೆ ಮಾಡಿಕೊಂಡು ಬರೆ. ಸುಣ್ಣ ಗಾಳಿ ಕುಡಿದು ಗಟ್ಟಿಯಾಗುತ್ತದೆ, ಅದರ ಮೇಲೆ ಬೂಸ್ಟು ಸುಲಭಕ್ಕೆ ಬರುವುದಿಲ್ಲ. ಹೊಸಿಲಿಗೆ ಹಾಕುವ ಎಳೆ ರಂಗೋಲಿ ಗೊತ್ತಿದ್ದರೆ ಸಾಕು. ಕರಾವಳಿಯ ಹಳೆ ದೇವಸ್ಥಾನಗಳ ಗೋಡೆಯಲ್ಲಿ ಕಾವಿ ಚಿತ್ರ ನೋಡಿರಬಹುದು, ಬಿಳಿ ಸುಣ್ಣದ ಗಾರೆಯಲ್ಲಿ ಕೆಂಪು ಬಳ್ಳಿ, ಹೂ, ನವಿಲು. ಎರಡೇ ಬಣ್ಣದಲ್ಲಿ ಎಷ್ಟು ಮಾಡಬಹುದು ಎಂದು ಅದನ್ನು ನೋಡಿ ಕಲಿಯಬೇಕು.

ಈಗ ಸೀರೆ. ಇದು ನನ್ನ ಕೆಲಸ, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಟ್ರಂಕ್‌ನಲ್ಲಿ ಸಣ್ಣ ಚೌಕುಳಿಯ, ಗಾಢ ಅಂಚಿನ ಉಡುಪಿ ಕೈಮಗ್ಗದ ಸೀರೆ ಇದ್ದರೆ ಅದಕ್ಕೆ ಕತ್ತರಿ ಹಾಕಬೇಡ, ಉಡು. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಂಥ ಕಡೆ ಈಗಲೂ ನೇಯುತ್ತಾರೆ, ಆದರೆ ನೇಯುವವರು ತುಂಬ ಕಡಿಮೆ. ಉಳಿದ ಕಾಟನ್ ಸೀರೆಗಳನ್ನು ಬೆಳಕಿಗೆ ಹಿಡಿದು ಮಡಿಕೆಯ ಗೆರೆ ನೋಡು. ಗಂಜಿ ಹಾಕಿ ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟದ್ದು ಅಲ್ಲಿಯೇ ಹರಿಯುವುದು. ಎರಡು ಕೈಯಲ್ಲಿ ಹಿಡಿದು ಎಳೆ, ತಡೆದರೆ ಪರದೆಗೆ ಆಯಿತು.

ಎಲ್ಲರೂ ಸೀರೆಯನ್ನು ಉದ್ದಕ್ಕೆ ಇಳಿಬಿಟ್ಟು ಪರದೆ ಮಾಡುತ್ತಾರೆ. ಬಾಗಿಲಿಗೆ ಅದು ಸರಿ. ಕಿಟಕಿಗೆ ಅಡ್ಡ ಹಿಡಿ. ಸೀರೆಯ ಅಗಲ 45 ಇಂಚು ಆಸುಪಾಸು ಇರುತ್ತದೆ, ಮೂರೂವರೆ ಅಡಿ ಎತ್ತರದ ಕಿಟಕಿಗೆ ಅಷ್ಟೇ ಬೇಕು. ಒಂದು ಅಂಚು ಮೇಲೆ, ಒಂದು ಅಂಚು ಕೆಳಗೆ ಬರುತ್ತದೆ. ಕೆಳಗಿನದ್ದನ್ನು ಮಡಚಿ ಹೊಲಿಯುವ ಅಗತ್ಯವೇ ಇಲ್ಲ, ನೇಯುವಾಗಲೇ ಕಟ್ಟಿದ ಅಂಚು ಅದು. ಮೇಲಿನ ಅಂಚನ್ನು ಎರಡು ಇಂಚು ಹಿಂದಕ್ಕೆ ಮಡಚಿ ಒಂದು ನೇರ ಹೊಲಿಗೆ ಹಾಕಿದರೆ ಕೋಲು ತೂರಿಸುವ ಜಾಗ ಆಯಿತು. ಐದೂವರೆ ಮೀಟರ್ ಸೀರೆಯನ್ನು ನಡುವೆ ಕತ್ತರಿಸಿದರೆ ನಾಲ್ಕಡಿ ಅಗಲದ ಎರಡು ಕಿಟಕಿಗೆ ನೆರಿಗೆ ಸಹಿತ ಸಾಕಾಗುತ್ತದೆ. ಕತ್ತರಿಸಿದ ಬದಿ ಮಾತ್ರ ಮಡಚಿ ಹೊಲಿ.

ಇನ್ನೊಂದು ಮುಖ್ಯ ವಿಷಯ, ಸೀರೆಯ ಫಾಲ್ ಬಿಚ್ಚಬೇಡ. ಅದು ಇರುವುದು ಉಡಲಿಕ್ಕೆ ಶುರು ಮಾಡುವ ಅರ್ಧದಲ್ಲಿ, ಕೆಳ ಅಂಚಿಗೆ. ಆ ಅರ್ಧವನ್ನು ಪಡುವಣದ ಕಿಟಕಿಗೆ ಹಾಕು. ಮಳೆಗಾಲದ ಗಾಳಿ ಬರುವುದು ಆ ಕಡೆಯಿಂದ, ಫಾಲ್‌ನ ಭಾರಕ್ಕೆ ಪರದೆ ಅಷ್ಟು ಹಾರುವುದಿಲ್ಲ. ಸೆರಗು ಇರುವ ಅರ್ಧವನ್ನು ಹಾಲ್‌ನಲ್ಲಿ ಎದುರು ಕಾಣುವ ಕಿಟಕಿಗೆ ಹಾಕು.

ಕೋಲಿಗೆ ಅಡಿಕೆ ಸಲಾಕೆ ಅಥವಾ ಬಿದಿರು ತೆಗೆದುಕೋ, ಪಾಲಿಶ್ ಪೇಪರ್‌ನಲ್ಲಿ ಚೆನ್ನಾಗಿ ಉಜ್ಜಿ. ಅಂಗಡಿಯ ಅಗ್ಗದ ಸ್ಪ್ರಿಂಗ್ ರಾಡ್ ಬೇಡ. ನಮ್ಮ ಉಪ್ಪು ಗಾಳಿಗೆ ತುಕ್ಕು ಹಿಡಿದು ಬಟ್ಟೆಗೆ ಕಲೆ ಹತ್ತಿದರೆ ಯಾವ ಸೋಪಿಗೂ ಹೋಗುವುದಿಲ್ಲ. ಸರಳಿಗೆ ನೈಲಾನ್ ಹಗ್ಗದಲ್ಲಿ ಕಟ್ಟು, ಕಬ್ಬಿಣದ ತಂತಿಯಲ್ಲಿ ಅಲ್ಲ.

ಗೆರಟೆಯಲ್ಲಿ ಲೈಟಿನ ಚಿಪ್ಪು ಮಾಡಬಹುದು. ಕಣ್ಣು ಇರುವ ಅರ್ಧವನ್ನೇ ಆರಿಸು. ಮೂರು ಕಣ್ಣಿನಲ್ಲಿ ಒಂದು ಮೆತ್ತಗೆ ಇರುತ್ತದೆ, ದಪ್ಪ ಸೂಜಿಯಿಂದ ಚುಚ್ಚಿದರೆ ತೂತಾಗುತ್ತದೆ, ವಯರ್ ದಾಟಿಸಲಿಕ್ಕೆ ಡ್ರಿಲ್ ಹುಡುಕಬೇಕಾಗಿಲ್ಲ. ಹೊರಗಿನ ನಾರು ಪೂರ್ತಿ ಕೆರೆದು, ಪಾಲಿಶ್ ಪೇಪರ್ ಮೊದಲು ಒರಟು, ಆಮೇಲೆ ನಯ. ಕೊನೆಗೆ ತೆಂಗಿನೆಣ್ಣೆ ಹಚ್ಚಿ ಬಟ್ಟೆಯಿಂದ ತಿಕ್ಕಿದರೆ ಕಪ್ಪಗೆ ಮಿಂಚುತ್ತದೆ. ಸಣ್ಣ ಎಲ್ಇಡಿ ಬಲ್ಬ್ ಮಾತ್ರ ಹಾಕು, ಬಿಸಿಯಾಗುವ ಹಳೆ ಬಲ್ಬ್ ಬೇಡ.

ಭರಣಿ ಬಾಗಿಲ ಹತ್ತಿರ ಕೊಡೆ ಇಡಲಿಕ್ಕೆ. ಒಡೆದ ಅಂಚನ್ನು ಪಾಲಿಶ್ ಪೇಪರ್‌ನಲ್ಲಿ ಮೊಂಡು ಮಾಡಿ, ಹುರಿಹಗ್ಗ ಸುತ್ತಿ ಅಂಟಿಸು. ತಳಕ್ಕೆ ನಾಲ್ಕು ಹಿಡಿ ಜಲ್ಲಿ ಹಾಕಿದರೆ ಮಗುಚುವುದಿಲ್ಲ, ಕೊಡೆಯ ನೀರೂ ಅಲ್ಲಿಗೇ ಇಳಿಯುತ್ತದೆ. ದಿನಕ್ಕೊಮ್ಮೆ ಬಗ್ಗಿಸಿ ಚೆಲ್ಲು.

ಹಾಳೆ, ಗೋಣಿ ಎರಡೂ ಬೇಡ. ಹಾಳೆ ಬೇಸಗೆಯಲ್ಲಿ ಬಲು ಚಂದ, ಮಳೆಗಾಲದಲ್ಲಿ ಕಪ್ಪು ಚುಕ್ಕೆ ಬರುತ್ತದೆ. ಗೋಣಿ ಧೂಳನ್ನೂ ತೇವವನ್ನೂ ಹಿಡಿದಿಟ್ಟುಕೊಂಡು ಮುಗ್ಗಲು ವಾಸನೆ ಹೊಡೆಯುತ್ತದೆ. ಮುಚ್ಚಿದ ಸಣ್ಣ ಮನೆಗೆ ಅದು ಆಗುವುದಿಲ್ಲ.

ಮಲ್ಪೆ ಬಂದರು ಉತ್ತರ:

ಅಕ್ಕ ಬರೆದದ್ದಕ್ಕೆ ಒಂದು ಸೇರಿಸ್ತೇನೆ. ಬರೀ ಬಿಳಿ ಗೋಡೆಗೆ ಹಳೆ ಮೀನಿನ ಬಲೆ ಒಳ್ಳೆದಾಗ್ತದೆ, ಹಗುರ, ಕೊಳೆಯುವ ವಸ್ತು ಅಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಅಲ್ವಾ, ಆ 61 ದಿನ ಬಂದರಿನ ಸುತ್ತಮುತ್ತ ಬಲೆ ರಿಪೇರಿ ಕೆಲಸ ನಡೀತದೆ. ಹರಿದ ತುಂಡು ಕತ್ತರಿಸಿ ಬಿಸಾಡ್ತಾರೆ. ಕೇಳಿದರೆ ಸುಮ್ಮನೆ ಕೊಡ್ತಾರೆ, ಒಂದೆರಡು ತೇಲುಬೆಂಡು ಸಹ ಸಿಗ್ತದೆ. ಹೊರಗೆ ಬಿದ್ದರೆ ಕಡಲಿಗೇ ಹೋಗುವ ವಸ್ತು, ಮನೆ ಸೇರಿದರೆ ಒಳ್ಳೆಯದೇ.

ವಾಸನೆ ಹೋಗ್ಲಿಕ್ಕೆ ಸೋಪಿನ ಪುಡಿ ಮತ್ತು ಸೋಡಾ ಹಾಕಿದ ನೀರಲ್ಲಿ ರಾತ್ರಿ ನೆನೆಸಿ, ತೊಳೆದು ಬಿಸಿಲಿಗೆ ಹಾಕಿ. ಒಂದು ಸಲಕ್ಕೆ ಹೋಗುವುದಿಲ್ಲ, ಹೋಗುವ ತನಕ ಮಾಡ್ಬೇಕು. ಮೇಲಿನ ಎರಡು ಮೂಲೆಯನ್ನು ಇರುವ ಹಳೆ ಮೊಳೆಗೇ ಕಟ್ಟಿ ಇಳಿಬಿಟ್ಟು, ಮದುವೆಯ ಫೋಟೊಗಳನ್ನು ಬಟ್ಟೆ ಕ್ಲಿಪ್‌ನಲ್ಲಿ ಸಿಕ್ಕಿಸಿ. ಮರದ ಕ್ಲಿಪ್ ತೆಗೊಳ್ಳಿ, ಆದರೆ ಅದರ ಸ್ಪ್ರಿಂಗ್ ಸ್ಟೀಲ್ ಉಂಟಾ ನೋಡಿ. ಇಲ್ಲದಿದ್ದರೆ ಪ್ಲಾಸ್ಟಿಕ್‌ನದ್ದೇ ವಾಸಿ.

ಆಶಾ ಕಾರ್ಯಕರ್ತೆ, ಬಜಾಲ್ ಉತ್ತರ:

ಮಣಿಪಾಲದವರು ಹೇಳಿದ ಬಾಟ್ಲಿಯ ಗಿಡದ ಬಗ್ಗೆ ಒಂದು ಮಾತು. ಗಿಡ ಇಡಿ, ಬೇಡ ಎನ್ನುವುದಿಲ್ಲ. ಆದರೆ ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ಮನೆಯೊಳಗಿನ ಇಂಥ ಸ್ವಚ್ಛ ನೀರೇ ಬೇಕು. ಮೊಟ್ಟೆಯಿಂದ ಸೊಳ್ಳೆಯಾಗಲಿಕ್ಕೆ ಹೆಚ್ಚುಕಡಿಮೆ ಒಂದು ವಾರ, ಹತ್ತು ದಿನ ಸಾಕು. ಮಂಗಳೂರಿನಲ್ಲಿ 2019ರ ಮಳೆಗಾಲದಲ್ಲಿ ಡೆಂಗ್ಯೂ ಎಷ್ಟು ಜೋರಿತ್ತು ಎಂದು ಇಲ್ಲಿಯವರಿಗೆ ಮರೆತಿರಲಿಕ್ಕಿಲ್ಲ.

ವಾರಕ್ಕೊಂದು ದಿನ ಗೊತ್ತು ಮಾಡಿಕೊಂಡು ನೀರು ಪೂರ್ತಿ ಬದಲಿಸಬೇಕು. ಬರೀ ಚೆಲ್ಲಿ ತುಂಬಿಸಿದರೆ ಆಗುವುದಿಲ್ಲ. ಮೊಟ್ಟೆ ನೀರಿನ ಮಟ್ಟದ ಹತ್ತಿರ ಬಾಟ್ಲಿಯ ಒಳಗೋಡೆಗೆ ಅಂಟಿಕೊಂಡಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತದೆ, ನೀರು ತಾಗಿದ ಕೂಡಲೇ ಮರಿ ಬರುತ್ತದೆ. ಬಾಟ್ಲಿ ತೊಳೆಯುವ ಬ್ರಷ್ ಹಾಕಿ ಉಜ್ಜಿಯೇ ತೊಳೆಯಬೇಕು. ಕೈ ಹೋಗದ ಸಪೂರ ಕುತ್ತಿಗೆಯ ಬಾಟ್ಲಿಗೆ ನೀರಿನ ಬದಲು ಮಣ್ಣು ಹಾಕುವುದು ಒಳ್ಳೆಯದು. ಗೆರಟೆಯನ್ನು ಹೊರಗೆ ರಾಶಿ ಹಾಕಿದ್ದರೆ ಬೋರಲು ಮಾಡಿ ಇಡಿ. ಅಕ್ಕ ಭರಣಿಯ ನೀರು ದಿನಾ ಚೆಲ್ಲು ಎಂದದ್ದು ಸರಿ, ಅದನ್ನು ಖಂಡಿತ ಪಾಲಿಸಿ.

ಕುಂಜಿಬೆಟ್ಟು ಹೊಸ ಬಾಡಿಗೆ ಉತ್ತರ:

ಎಲ್ಲರಿಗೂ ತುಂಬ ಉಪಕಾರ. ಜೆಪ್ಪುವಿನ ಅಕ್ಕಾ, ನೀವು ಹೇಳಿದ ಮೇಲೆ ಅಮ್ಮನಿಗೆ ಫೋನ್ ಮಾಡಿ ಹಂಚು ಮಗುಚಿ ನೋಡಿಸಿದೆ. ಎರಡರಲ್ಲಿ ಬಾಸೆಲ್ ಮಿಷನ್ ಎಂದು ಉಂಟಂತೆ! ಅಪ್ಪ ಅವನ್ನು ಬೇರೆ ಎತ್ತಿಟ್ಟಿದ್ದಾರೆ. ಏಣಿಗೆ ಗಂಡ ಒಪ್ಪಿದ್ದಾರೆ, ಬರುವ ಭಾನುವಾರ ಮೂಡುಬಿದಿರೆಗೆ ಹೋಗುತ್ತೇವೆ.

ಇನ್ನೊಂದು ಕೇಳಲಿಕ್ಕಿತ್ತು. ದೀಪಾವಳಿಗೆ ಗೂಡುದೀಪ (ಆಕಾಶಬುಟ್ಟಿ) ಮನೆಯಲ್ಲೇ ಮಾಡಬೇಕೆಂದು ಆಸೆ. ಅದು ಕಾಗದದ್ದೇ ಆಗಬೇಕಲ್ಲ? ನಮ್ಮಲ್ಲಿ ಹಿಂದಿನ ವರ್ಷದ್ದನ್ನು ಅಟ್ಟದಲ್ಲಿ ಇಟ್ಟರೆ ಜಿರಳೆ ತಿಂದು ಹಾಕುತ್ತಿತ್ತು.

ಜೆಪ್ಪು ಹೊಲಿಗೆಮನೆ ಉತ್ತರ:

ಬಾಸೆಲ್ ಮಿಷನ್‌ನದ್ದು ಸಿಕ್ಕಿತಾ! ಓದಿ ತುಂಬ ಖುಷಿಯಾಯಿತು. ಅವೆರಡನ್ನು ಬಟ್ಟೆಯಲ್ಲಿ ಸುತ್ತಿ ನಿಲ್ಲಿಸಿಕೊಂಡು ತಾ, ಬಸ್ಸಿನಲ್ಲಿ ಒಂದರ ಮೇಲೊಂದು ಮಲಗಿಸಬೇಡ.

ಗೂಡುದೀಪ ಕಾಗದದ್ದೇ ಮಾಡು, ಮಳೆ ಕಡಿಮೆಯಾದ ಮೇಲೆ ಬರುವ ಹಬ್ಬ ಅದು. ಕುದ್ರೋಳಿ ದೇವಸ್ಥಾನದಲ್ಲಿ ನಡೆಯುವ ಗೂಡುದೀಪ ಸ್ಪರ್ಧೆಗೆ ಒಮ್ಮೆ ಬಂದು ನೋಡು. ಬಿದಿರು, ಬಣ್ಣದ ಕಾಗದದ ಸಾಂಪ್ರದಾಯಿಕ ಗೂಡುದೀಪಗಳ ಜೊತೆಗೆ ಧಾನ್ಯ, ಸಿಪ್ಪೆ, ನಾರು, ಏನೇನೋ ಬಳಸಿ ಮಾಡಿದವೂ ಇರುತ್ತವೆ. ಗಂಟೆಗಟ್ಟಲೆ ನಿಂತು ನೋಡುವಷ್ಟು ಕೆಲಸ. ಬಿದಿರು ಸೀಳಲಿಕ್ಕೆ ಬಾರದಿದ್ದರೆ ಹಳೆ ಹಿಡಿಸೂಡಿಯ ಬುಡದ ದಪ್ಪ ಕಡ್ಡಿಗಳನ್ನು ಎರಡೆರಡು ಸೇರಿಸಿ ನೂಲಿನಲ್ಲಿ ಕಟ್ಟು. ಸಣ್ಣ ಗೂಡುದೀಪಕ್ಕೆ ಅಷ್ಟು ಬಲ ಸಾಕು.

ಜಿರಳೆ ಬರುವುದು ಕಾಗದಕ್ಕಿಂತ ಹೆಚ್ಚಾಗಿ ಮೈದಾ ಅಂಟಿನ ಆಸೆಗೆ. ಪುಸ್ತಕ ಬೈಂಡ್ ಮಾಡುವವರು ಅಂಟು ಕುದಿಸುವಾಗ ಒಂದು ಚಿಟಿಕೆ ಮೈಲುತುತ್ತು ಹಾಕುತ್ತಾರೆ, ಹಾಗೆಯೇ ಮಾಡು. ಕೊಳೆರೋಗಕ್ಕೆ ಅಡಿಕೆ ಮರಕ್ಕೆ ಬಿಡುವ ಮದ್ದಿನಲ್ಲಿ ಹಾಕುವುದೂ ಅದನ್ನೇ, ತವರಿನಲ್ಲಿ ತೋಟ ಇದ್ದರೆ ಇದ್ದೇ ಇರುತ್ತದೆ. ಅದು ವಿಷ, ಅಡುಗೆಯ ಪಾತ್ರೆಯಲ್ಲಿ ಕುದಿಸಬಾರದು. ಹಳೆ ಡಬ್ಬ ಇಟ್ಟುಕೋ, ಉಳಿದ ಅಂಟು ಮಕ್ಕಳ, ಬೆಕ್ಕಿನ ಬಾಯಿಗೆ ಸಿಗದ ಹಾಗೆ ಹೂತುಹಾಕು. ಹಬ್ಬ ಮುಗಿದ ಮೇಲೆ ಗೂಡುದೀಪವನ್ನು ದೊಡ್ಡ ಪ್ಲಾಸ್ಟಿಕ್ ತೊಟ್ಟೆಯೊಳಗೆ ಇಳಿಸಿ ಬಾಯಿ ಕಟ್ಟಿ ಅಟ್ಟಕ್ಕೆ ಹಾಕು.

ಪರದೆಗೆ ಕತ್ತರಿ ಹಾಕುವ ಮೊದಲು ಕಿಟಕಿಯ ಅಳತೆ, ಸೀರೆಯ ಅಗಲ ಎರಡನ್ನೂ ಇಲ್ಲಿ ಬರೆ. ಕೆಲವು ಹಳೆ ಸೀರೆ ಒಗೆದು ಒಗೆದು ಎರಡು ಮೂರು ಇಂಚು ಕುಗ್ಗಿರುತ್ತದೆ. ಹಾಗಿದ್ದರೆ ಮೇಲೆ ಮಡಚುವುದು ಬೇಡ, ಅದೇ ಸೀರೆಯ ರವಿಕೆ ತುಂಡಿನಲ್ಲಿ ಪಟ್ಟಿ ಕೊಟ್ಟು ಹೊಲಿಯುವುದು ಹೇಗೆಂದು ಹೇಳುತ್ತೇನೆ.